ಅಂತರಜಾಲದ ಇತಿಹಾಸ ಸಮ್ಮೇಳನ: ಪ್ರಶ್ನೋತ್ತರದ ಸ್ಥಾನ

ವಿದ್ವತ್ಸಭೆಯೆಂದರೆ ಉಪನ್ಯಾಸಗಳ ಸಮೂಹವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಪ್ರಶ್ನೆಗಳಿಗೆ ದೊರೆಯುವುದು ಉಪನ್ಯಾಸಕರು ಉಳಿಸಿದ ಸಮಯ ಮಾತ್ರ. ಅದೂ ಅನೇಕ ವೇಳೆ ಅಧ್ಯಕ್ಷರ ಗಂಟೆಯೊಡನೆ ಮುಗಿದುಹೋಗುವುದು. ಸಭೆಯು ಅಂತರಜಾಲದಲ್ಲಿ, ಇತಿಹಾಸಪ್ರಿಯರಾದ ಜನಸಾಮಾನ್ಯರಿಗಾಗಿ ಕೂಡುವುದಾದರೆ ಈ ಕ್ರಮವನ್ನು ಬದಲಾಯಿಸಬೇಕಾಗುತ್ತದೆ. ಇದಕ್ಕೆ ನಿದರ್ಶನವಾದ ಒಂದು ಸಮ್ಮೇಳನದ ರೀತಿಯನ್ನು ವಿವರಿಸಿ, ಅದರ ಗುಣದೋಷಗಳನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

೧. ಸಮ್ಮೇಳನದ ಸ್ವರೂಪ

೨೦೨೦ರಲ್ಲಿ ಕೋವಿಡ್ ವ್ಯಾಧಿಯ ಕಾರಣದಿಂದ ವಿದ್ವತ್ಸಭೆಗಳು ಎಲ್ಲೆಡೆಯೂ ನಿಂತುಹೋದುವು. ಪೋಲೆಂಡಿನ ಪೋಜ್ನಾನ್ ನಗರದಲ್ಲಿ ಆ ವರ್ಷ ಸೇರಬೇಕಾಗಿದ್ದ ಅಂತರರಾಷ್ಟ್ರೀಯ ಇತಿಹಾಸ ಮಹಾಸಭೆಯು ಕೊನೆಗೆ ೨೦೨೨ರಲ್ಲಿ ಸೇರಿತು. ಇಂತಹ ಸಮಯದಲ್ಲಿ 'ಆಸ್ಕ್ ಹಿಸ್ಟೋರಿಯನ್ಸ್' ಎಂಬ ಸಮುದಾಯವು ೨೦೨೦ನೆಯ ಸೆಪ್ಟೆಂಬರ್ ೧೫ರಿಂದ ೧೭ರವರೆಗೆ ಅಂತರಜಾಲದಲ್ಲಿಯೇ ಒಂದು ಸಮ್ಮೇಳನವನ್ನು ನಡೆಸಿತು. ಭಂಗ, ಕ್ಷೋಭೆ, ಕ್ರಾಂತಿ, ಪರಿವರ್ತನೆಗಳ ಇತಿಹಾಸವೇ ಅದರ ವಿಷಯ.

೨೦೧೧ರಲ್ಲಿ ಹುಟ್ಟಿದ ಈ ಸಮುದಾಯದಲ್ಲಿ ಯಾರು ಬೇಕಾದರೂ ಇತಿಹಾಸದ ಪ್ರಶ್ನೆಯನ್ನು ಕೇಳಬಹುದು. ಉತ್ತರ ಬರೆಯುವವರಿಗೆ ಮಾತ್ರ ಕಟ್ಟುನಿಟ್ಟು ಹೆಚ್ಚು. ಉತ್ತರವು ಸಮಗ್ರವಾಗಿರಬೇಕು, ಆಧಾರವನ್ನು ಕೇಳಿದರೆ ಕೊಡಬೇಕು, ಹಾಗಿಲ್ಲದುದನ್ನು ಸ್ವಯಂಸೇವಕರಾದ ನಿರ್ವಾಹಕರು ತೆಗೆದುಹಾಕುವರು. ಬರೆಯುವವನ ಪದವಿಯಲ್ಲ, ಬರೆದುದರ ಪ್ರಮಾಣವೇ ಮುಖ್ಯ.

೨. ಕಾರ್ಯಕ್ರಮ

ಗೋಷ್ಠಿಗಳ ಉಪನ್ಯಾಸಗಳನ್ನು ಮುಂಚಿತವಾಗಿ ವೀಡಿಯೊ ರೂಪದಲ್ಲಿ ಸಿದ್ಧಪಡಿಸಿ ಪ್ರಕಟಿಸಲಾಯಿತು. ಅವನ್ನು ನೋಡಿದವರು ಪ್ರಶ್ನೆಗಳನ್ನು ಬರೆದು ಕೇಳಿದರು. ಉಪನ್ಯಾಸಕರು ಬರೆದೇ ಉತ್ತರಿಸಿದರು. ಉಪನ್ಯಾಸವನ್ನು ಪ್ರಶ್ನೋತ್ತರದಿಂದ ಬೇರ್ಪಡಿಸಿದುದೇ ಇಲ್ಲಿನ ವಿಶೇಷ.

ಇದರ ಮೊದಲನೆಯ ಪ್ರಯೋಜನವು ಕಾಲಕ್ಕೆ ಸಂಬಂಧಿಸಿದುದು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸಂಜೆ ೭ ಗಂಟೆಯೆಂದರೆ ಬೆಂಗಳೂರಿನಲ್ಲಿ ಮರುದಿನದ ಬೆಳಗಿನ ಜಾವ ೪-೩೦. ಎಲ್ಲವೂ ಒಂದೇ ಗಳಿಗೆಯಲ್ಲಿ ನಡೆಯುವುದಾದರೆ ಭೂಗೋಳದ ಒಂದು ಭಾಗದವರು ಹೊರಗೇ ಉಳಿಯುವರು. ಎರಡನೆಯದಾಗಿ, ಸಭೆಯಲ್ಲಿ ಎದ್ದುನಿಂತು ಮಾತನಾಡಲು ಸಂಕೋಚಪಡುವವನು ನಿಧಾನವಾಗಿ ಯೋಚಿಸಿ ಬರೆಯಬಲ್ಲನು. ಮೂರನೆಯದು ಎಲ್ಲಕ್ಕಿಂತಲೂ ದೊಡ್ಡದು: ಉತ್ತರಿಸುವ ವಿದ್ವಾಂಸನು ಗ್ರಂಥವನ್ನು ತೆರೆದು ನೋಡಿ ಉತ್ತರಿಸಬಹುದು. ಬಾಯಿಮಾತು ಗಾಳಿಗೆ ಹೋಗುವುದು. ಬರೆದುದು ಪರೀಕ್ಷೆಗೆ ನಿಲ್ಲುವುದು.

೩. ಎಚ್ಚರಿಕೆಗಳು

ನಷ್ಟವೂ ಇಲ್ಲದಿಲ್ಲ. ಊಟದ ಪಂಕ್ತಿಯಲ್ಲಿ ತರುಣ ಸಂಶೋಧಕನಿಗೆ ಹಿರಿಯರೊಡನೆ ಬೆಳೆಯುವ ಪರಿಚಯವು ಬರೆಹದ ಪ್ರಶ್ನೋತ್ತರದಿಂದ ದೊರೆಯಲಾರದು. ಬಾಗಿಲು ಎಲ್ಲರಿಗೂ ತೆರೆದಿರುವಲ್ಲಿ, ಸಿದ್ಧವಾದ ಸತ್ಯವನ್ನು ಅಲ್ಲಗಳೆಯುವುದಕ್ಕೆಂದೇ ಪ್ರಶ್ನೆಯ ವೇಷದಿಂದ ಬರುವವರೂ ಉಂಟು. ಆದುದರಿಂದ ಸರದಿಯ ಮೇಲೆ ನೋಡಿಕೊಳ್ಳುವ ನಿರ್ವಾಹಕರಿರಬೇಕು. ನಿಯಮಗಳು ಮೊದಲೇ ಪ್ರಕಟವಾಗಿರಬೇಕು. ಉಪನ್ಯಾಸದ ಮಾತುಗಳು ಅಕ್ಷರರೂಪದಲ್ಲಿಯೂ ತೆರೆಯ ಮೇಲೆ ಕಾಣಬೇಕು. ಇಲ್ಲವಾದರೆ ಕಿವಿ ಮಂದವಾದವರಿಗೆ ಸಭೆಯೇ ಇಲ್ಲದಂತಾಗುವುದು. ಪತ್ರಾಗಾರಗಳ ಚಿತ್ರಗಳನ್ನು ತೋರಿಸುವುದಕ್ಕೆ ಅನುಮತಿ ಬೇಕು. ಸಭೆ ಮುಗಿದ ಬಳಿಕ ಇವೆಲ್ಲವನ್ನೂ ಯಾರು ಕಾಪಾಡುವರೆಂಬುದೂ ಆರಂಭದಲ್ಲಿಯೇ ನಿಶ್ಚಯವಾಗತಕ್ಕದ್ದು.

೪. ನಮ್ಮಲ್ಲಿ ಇದರ ಉಪಯೋಗ

ಕನ್ನಡನಾಡಿನಲ್ಲಿ ಇತಿಹಾಸದ ಪ್ರಶ್ನೆಯು ವಿದ್ಯಾಪೀಠದಲ್ಲಿ ಮಾತ್ರ ಹುಟ್ಟುವುದಿಲ್ಲ. ಊರಮುಂದಿನ ವೀರಗಲ್ಲು ಯಾರದು, ಹೊಲದ ಬದುವಿನಲ್ಲಿರುವ ಶಾಸನದಲ್ಲೇನಿದೆ ಎಂದು ಕೇಳುವ ರೈತನೂ ಜಿಜ್ಞಾಸುವೇ. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರಾಗಿ, ಸಂಖ್ಯೆಯೊಡನೆ ಅಚ್ಚಾಗಿರುವುವು. ಉತ್ತರಿಸುವವರು ಸಂಪುಟ, ತಾಲ್ಲೂಕು, ಸಂಖ್ಯೆಗಳನ್ನು ಹೇಳಿದರೆ ಕೇಳಿದವನು ತಾನೇ ಪರೀಕ್ಷಿಸಿಕೊಳ್ಳಬಹುದು. ಆಧಾರವನ್ನು ಹೇಳದೆ ಬರಿಯ ನಿರ್ಣಯವನ್ನು ಕೊಟ್ಟರೆ, ವಿದ್ವಾಂಸನ ಮಾತಿಗೂ ವದಂತಿಗೂ ಆತನು ಭೇದವನ್ನು ಹೇಗೆ ಕಾಣಬೇಕು?

ಸಭೆಯನ್ನು ಅಂತರಜಾಲಕ್ಕೆ ಒಯ್ದಮಾತ್ರಕ್ಕೆ ವಿದ್ಯೆ ಹರಡುವುದಿಲ್ಲ. ಕೇಳುವವನಿಗೆ ಸಮಯವನ್ನೂ, ಹೇಳುವವನಿಗೆ ಪ್ರಮಾಣದ ಕಟ್ಟನ್ನೂ ಒದಗಿಸಿದಾಗಲೇ ಅದು ಸಾರ್ಥಕವಾಗುವುದು. ಮುಂದೆ ಇಂತಹ ಸಮ್ಮೇಳನಗಳನ್ನು ಕೂಡಿಸುವವರು ಕಾರ್ಯಕ್ರಮದಲ್ಲಿ ಪ್ರಶ್ನೋತ್ತರಕ್ಕೆ ಮೊದಲು ಸ್ಥಳವನ್ನು ಗೊತ್ತುಮಾಡಿ, ಆಮೇಲೆ ಉಪನ್ಯಾಸಗಳನ್ನು ಆರಿಸುವುದು ಉಚಿತವೆಂದು ತೋರುತ್ತದೆ.