ರಸ್ತೆ ಅಗೆದಲ್ಲಿ ಅರ್ಧ ನಿಮಿಷದ ಅವಸರ ಬೇಡ

ಬಾಪೂಜಿ ನಗರದ ಸುತ್ತಮುತ್ತ ಮನೆ ಮಾಡಿರುವ ನಮ್ಮವರಿಗೆ ಅಗೆದ ರಸ್ತೆ ಹೊಸದಲ್ಲ. ಮೈಸೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುವಾಗ ವರ್ಷಗಟ್ಟಲೆ ತಗಡಿನ ಬೇಲಿಯ ಪಕ್ಕದಲ್ಲೇ ಓಡಾಡಿದ್ದೇವೆ. 2015ರ ನವೆಂಬರ್‌ನಲ್ಲಿ ಮೈಸೂರು ರಸ್ತೆ ನಿಲ್ದಾಣದವರೆಗೆ ರೈಲು ಬಂತು, 2021ರ ಆಗಸ್ಟ್‌ನಲ್ಲಿ ಕೆಂಗೇರಿಗೂ ಹೋಯಿತು. ಆದರೆ ಅಗೆಯುವುದು ನಿಂತಿತಾ? ಇವತ್ತು ನೀರಿನ ಪೈಪು, ನಾಳೆ ಕರೆಂಟಿನ ಕೇಬಲ್, ಅದು ಮುಗಿದರೆ ವೈಟ್‌ಟಾಪಿಂಗ್.

ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟರೂ ಅದೇ ಕಥೆ. ಕಾಂಕ್ರೀಟ್ ಹಾಕಲೆಂದು ಶಿರಾಡಿ ಘಾಟಿ 2015ರಲ್ಲೊಮ್ಮೆ, 2018ರಲ್ಲೊಮ್ಮೆ ತಿಂಗಳುಗಟ್ಟಲೆ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ. ಕಲ್ಲಡ್ಕದ ಮೇಲ್ಸೇತುವೆ ಕಟ್ಟುವಾಗಿನ ಮಳೆಗಾಲದ ಕೆಸರು, ಬೇಸಿಗೆಯ ಧೂಳು ಕೂಡ ನೆನಪಿದೆ. ರಸ್ತೆ ಒಳ್ಳೆಯದಾಗಬೇಕಾದರೆ ಕೆಲಸ ನಡೆಯಲೇಬೇಕು. ಅಲ್ಲಿಯವರೆಗೆ ನಾವು ಹೇಗೆ ಗಾಡಿ ಓಡಿಸುತ್ತೇವೆ ಎಂಬುದೇ ಪ್ರಶ್ನೆ.

ಒಂದು ಸಣ್ಣ ಲೆಕ್ಕ

ಅರ್ಧ ಕಿಲೋಮೀಟರ್ ಉದ್ದಕ್ಕೆ ಕಾಮಗಾರಿ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದನ್ನು ದಾಟಲು 30 ಸೆಕೆಂಡ್ ಬೇಕು. 30 ಕಿ.ಮೀ. ವೇಗದಲ್ಲಾದರೆ ಒಂದು ನಿಮಿಷ. ಉಳಿಯುವುದು ಬರೀ ಅರ್ಧ ನಿಮಿಷ. ಆದರೆ 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಮೊಬೈಲ್ ನೋಡಲು ತಲೆ ತಗ್ಗಿಸಿದ ಆ ಒಂದು ಕ್ಷಣದಲ್ಲಿ ಎದುರಿಗೆ ಗುಂಡಿ ಇರಬಹುದು, ಸಲಿಕೆ ಹಿಡಿದ ಕಾರ್ಮಿಕ ಇರಬಹುದು.

ಫಲಕ ಯಾಕೆ ಅಷ್ಟು ಮೊದಲೇ?

ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಕಾಮಗಾರಿ ಜಾಗಕ್ಕೆ ನಾಲ್ಕು ಭಾಗಗಳಿವೆ. ಮೊದಲನೆಯದು ಎಚ್ಚರಿಕೆ ಕೊಡುವ ಭಾಗ, ಎರಡನೆಯದು ವಾಹನಗಳನ್ನು ಪಕ್ಕದ ಸಾಲಿಗೆ ತಿರುಗಿಸುವ ಭಾಗ, ಮೂರನೆಯದು ಕೆಲಸ ನಡೆಯುವ ಜಾಗ, ಕೊನೆಯದು ಮತ್ತೆ ಹಳೆಯ ಸಾಲಿಗೆ ಸೇರುವ ಭಾಗ. ಸಲಿಕೆ ಹಿಡಿದ ಮನುಷ್ಯನ ತ್ರಿಕೋನ ಫಲಕ ಕಂಡ ಕೂಡಲೇ ವೇಗ ತಗ್ಗಿಸಿ, ಸಾಲು ಸೇರಿಕೊಳ್ಳಿ. ಕೋನ್‌ಗಳ ಹತ್ತಿರ ಬಂದ ಮೇಲೆ ಮೂಗು ತೂರಿಸುವುದರಿಂದಲೇ ಡಿಕ್ಕಿ, ಜಗಳ, ಜಾಮ್ ಎಲ್ಲ. ಬಾವುಟ ಹಿಡಿದು ನಿಂತವನಿಗೆ ಹಾರ್ನ್ ಹೊಡೆದು ಹೆದರಿಸಬೇಡಿ. ಎದುರಿನಿಂದ ಏನು ಬರುತ್ತಿದೆ ಎಂಬುದು ಅವನಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ.

ಸ್ಕೂಟರ್‌ನವರು ಗಮನಿಸಿ

ಬೇಕರಿ, ಹೋಟೆಲ್ ಬಾಗಿಲು ಹಾಕಿ ರಾತ್ರಿ ಹೊತ್ತಿನಲ್ಲಿ ಸ್ಕೂಟರ್ ಏರಿ ಮನೆಗೆ ಬರುವ ನಮ್ಮ ಹುಡುಗರಿಗೆ ಅಪಾಯ ಹೆಚ್ಚು. ವೈಟ್‌ಟಾಪಿಂಗ್ ಆದ ಭಾಗಕ್ಕೂ ಹಳೆಯ ಡಾಂಬರಿಗೂ ನಡುವೆ ಆರೇಳು ಅಂಗುಲದ ಮೆಟ್ಟಿಲಿನಂತಹ ಅಂಚು ಇರಬಹುದು. ಅದರ ಪಕ್ಕದಲ್ಲೇ ಓಡಿಸಿದರೆ ಚಕ್ರ ಜಾರುತ್ತದೆ. ಗುಂಡಿಯ ಮೇಲೆ ಮುಚ್ಚಿದ ಕಬ್ಬಿಣದ ತಗಡು, ಚೆಲ್ಲಿದ ಜಲ್ಲಿ, ಹಸಿ ಮಣ್ಣು ಕಂಡರೆ ಹ್ಯಾಂಡಲ್ ನೇರ ಇರಲಿ, ತಟ್ಟನೆ ಮುಂದಿನ ಬ್ರೇಕ್ ಹಿಡಿಯಬೇಡಿ. ನೀರು ನಿಂತಲ್ಲಿ ಗುಂಡಿಯ ಆಳ ಗೊತ್ತಾಗುವುದಿಲ್ಲ. ಕ್ರೇನ್, ಜೆಸಿಬಿ ಹಿಂದೆ ಬರುವಾಗ ಅದರ ಚಾಲಕನಿಗೆ ನೀವು ಕಾಣುವುದಿಲ್ಲ ಅಂತಲೇ ತಿಳಿದುಕೊಳ್ಳಿ. ನಾಲ್ಕು ವರ್ಷದೊಳಗಿನ ಮಗು ಜೊತೆಗಿದ್ದರೆ ಅದಕ್ಕೂ ಹೆಲ್ಮೆಟ್, ಸುರಕ್ಷತಾ ಬೆಲ್ಟ್ ಕಡ್ಡಾಯ. ವೇಗ 40 ಕಿ.ಮೀ. ಮೀರುವಂತಿಲ್ಲ.

ಹೊಣೆ ಸವಾರನದ್ದು ಮಾತ್ರವೇ?

ಖಂಡಿತ ಅಲ್ಲ. 2023ರ ಜನವರಿ 10ರಂದು ನಾಗವಾರ ಬಳಿ ಮೆಟ್ರೋ ಕಂಬದ ಕಬ್ಬಿಣದ ಚೌಕಟ್ಟು ಉರುಳಿ, ಸ್ಕೂಟರ್‌ನಲ್ಲಿದ್ದ ತಾಯಿ ಮತ್ತು ಪುಟ್ಟ ಮಗ ತೀರಿಕೊಂಡರು. ಅದರಲ್ಲಿ ಆ ಕುಟುಂಬದ ತಪ್ಪೇನಿತ್ತು? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ಪ್ರಕಾರ, ರಸ್ತೆ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಬೇಲಿ ಇಲ್ಲದ ಗುಂಡಿ, ದೀಪವಿಲ್ಲದ ತಿರುವು ಕಂಡರೆ ಫೋಟೋ ತೆಗೆದು ಪಾಲಿಕೆಗೆ ದೂರು ಕೊಡಿ. ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಿ. ದಾರಿಯ ಮೇಲಿನ ಕಲ್ಲು ಮುಳ್ಳು ಸರಿಸುವುದೂ ಸದಕಾ ಎಂದು ಮದ್ರಸದಲ್ಲಿ ಕಲಿತವರು ನಾವು. ಈ ದೂರೂ ಆ ಸಾಲಿಗೇ ಸೇರುತ್ತದೆ.

ಅಪಘಾತ ಕಂಡರೆ ನಿಲ್ಲಿ. 108 ಅಥವಾ 112ಕ್ಕೆ ಕರೆ ಮಾಡಿ. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ, ಕೇಸು ಮೈಮೇಲೆ ಬರುತ್ತದೆ ಎಂಬ ಹೆದರಿಕೆ ಬೇಡ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ, ನಿಗದಿತ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆ.

ರಸ್ತೆಯಲ್ಲಿ ಬಿಸಿಲಿಗೆ ಸುಡುತ್ತಾ ಡಾಂಬರು ಹಾಕುವವನಿಗೂ ಊರಲ್ಲಿ ಕಾಯುವ ತಾಯಿ ಇದ್ದಾಳೆ, ನಮ್ಮ ಉಮ್ಮನ ಹಾಗೆಯೇ. ಮುಂದಿನ ಸಲ ಊರಿಗೆ ಹೊರಡುವಾಗ ಅರ್ಧ ಗಂಟೆ ಮುಂಚೆ ಮನೆ ಬಿಡೋಣ. ಬೇಗ ಮುಟ್ಟುವುದಕ್ಕಿಂತ ಮುಟ್ಟುವುದು ಮುಖ್ಯ.