ತಾಯಿಯ ಸೀರೆಯ ಕೌದಿ

ಮಗುವು ಈ ಲೋಕಕ್ಕೆ ಬಂದೊಡನೆ ಅದಕ್ಕೆ ದೊರೆಯುವ ಮೊದಲನೆಯ ಆಶ್ರಯವು ತಾಯಿಯ ಮಡಿಲು. ಎರಡನೆಯದು ಆಕೆಯ ಹಳೆಯ ಸೀರೆ. ಸಾನಮಾವು, ಹೊಸೂರು ಸೀಮೆಯ ಪುಷ್ಯಮಾಸದ ಚಳಿಯನ್ನು ಬಲ್ಲವರಿಗೆ ಬೆಚ್ಚನೆಯ ಹೊದಿಕೆಯ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ. ಉಟ್ಟು ಸವೆದ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಈ ಹೊದಿಕೆಗೆ ಕನ್ನಡದಲ್ಲಿ ಕೌದಿಯೆಂದು ಹೆಸರು. ನೆರೆಯ ತೆಲುಗಿನಲ್ಲಿ ಇದೇ ಬೊಂತ. ದೂರದ ಬಂಗಾಳದಲ್ಲಿ ಕಂಥಾ.

ಹೊಸ ಬಟ್ಟೆಯಿರಲು ಹಳೆಯದೇಕೆ ಎಂದು ಬಾಲಕ ಬಾಲಿಕೆಯರು ಕೇಳಬಹುದು. ಹಲವು ಬಾರಿ ಒಗೆದ ಹತ್ತಿಯ ಬಟ್ಟೆಯು ತನ್ನ ಗಂಜಿಯನ್ನೂ ಬಿರುಸನ್ನೂ ಕಳೆದುಕೊಂಡು ಮೆತ್ತಗಾಗಿರುತ್ತದೆ; ಶಿಶುವಿನ ಎಳೆಯ ಚರ್ಮಕ್ಕೆ ಅದೇ ಹಿತ. ಪದರಗಳ ನಡುವೆ ನಿಂತ ಗಾಳಿಯು ಮೈಯ ಶಾಖವನ್ನು ಬೇಗನೆ ಹೊರಬಿಡದು. ಸೂಜಿಯನ್ನು ಮೇಲಕ್ಕೂ ಕೆಳಕ್ಕೂ ಹಾಯಿಸುವ ಸಾದಾ ಹೊಲಿಗೆಯೇ ಪದರಗಳನ್ನೆಲ್ಲ ಬಂಧಿಸಿ, ತೊಳೆದರೂ ಮುದುರದಂತೆ ಹಿಡಿದಿಡುತ್ತದೆ.

ಈ ಕಲೆಯ ಒಂದು ಸೊಗಸಾದ ಮಾದರಿಯನ್ನು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಜನರಲ್ಲಿ ಕಾಣಬಹುದು. ಇವರ ಪೂರ್ವಿಕರಲ್ಲಿ ಅನೇಕರು ಆಫ್ರಿಕ ಖಂಡದಿಂದ ಗುಲಾಮರಾಗಿ ತರಲ್ಪಟ್ಟವರು. ಒಡೆಯರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳಲ್ಲಿ ನೆಲೆಸಿದವರು. ಸಿದ್ದಿ ಸ್ತ್ರೀಯರು ಸೀರೆಯೊಂದನ್ನು ಹಾಸಿ, ಅಂಚಿನಿಂದ ಆರಂಭಿಸಿ, ತುಂಡುಗಳನ್ನು ಸೇರಿಸುತ್ತ ಸುತ್ತುಸುತ್ತಾಗಿ ನಡುವಿನೆಡೆಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂಗಳನ್ನಿಡದೆ ಕೆಲಸ ಮುಗಿಯಿತೆನ್ನುವುದಿಲ್ಲ. ತೊಟ್ಟಿಲ ಕೂಸಿನ ಪುಟ್ಟ ಕೌದಿಗೆ ಕಣ್ಸೆಳೆಯುವ ಬಣ್ಣದ ಚಿಕ್ಕ ತುಂಡುಗಳನ್ನು ಮೇಲೆ ಮೇಲೆ ಕೂಡಿಸುವುದೂ ಉಂಟು. ಅಮೆರಿಕದ ಕಲಾ ಇತಿಹಾಸಜ್ಞ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಭ್ಯಸಿಸಿದರು. 2004ರಲ್ಲಿ ಸಿದ್ದಿ ಸ್ತ್ರೀಯರ ಸಹಕಾರ ಸಂಘವೊಂದು ಏರ್ಪಟ್ಟಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕ್ ನಗರದ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು.

ಕೌದಿಯು ಬಡತನದಲ್ಲಿ ಹುಟ್ಟಿದ ಕಲೆಯೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಹೊಸ ಹೊದಿಕೆಯನ್ನು ಕೊಳ್ಳಲಾರದ ತಾಯಿಯು ತನ್ನ ಬಿಡುವಿನ ವೇಳೆಯನ್ನೇ ವ್ಯಯಮಾಡಿ ಮಗುವನ್ನು ಬೆಚ್ಚಗಿಟ್ಟಳು. ಆದರೆ ಆ ಕೊರತೆಯ ನಡುವೆಯೂ ಕೆಂಪಿನ ಪಕ್ಕದಲ್ಲಿ ಯಾವ ಬಣ್ಣ ಒಪ್ಪುವುದೆಂದು ಆಕೆ ಯೋಚಿಸಿದಳು. ಅವಶ್ಯಕತೆಯು ಕಲೆಯಾದುದು ಆ ಯೋಚನೆಯಿಂದಲೇ. ಚಿತ್ರಕಾರನು ತನ್ನ ಚಿತ್ರದ ಕೆಳಗೆ ಹೆಸರನ್ನು ಬರೆಯುತ್ತಾನೆ. ಕೌದಿ ಹೊಲಿದ ತಾಯಂದಿರಲ್ಲಿ ಹೆಚ್ಚಿನವರು ತಮ್ಮ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಆದುದರಿಂದ ಕೌದಿ ಹರಿದು ಹೋದಾಗ ಅವರ ನೆನಪೂ ಅದರೊಡನೆ ಹೋಗುತ್ತದೆ.

ಇಂದು ಅಂಗಡಿಯ ಕಂಬಳಿಯು ಸುಲಭವಾಗಿ ದೊರೆಯುತ್ತದೆ. ಅದನ್ನು ಕೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಪೆಟ್ಟಿಗೆಯ ತಳದಲ್ಲಿರುವ ಹಳೆಯ ಕೌದಿಯನ್ನು ಮಾತ್ರ ಕಸವೆಂದು ಎಸೆಯಬಾರದೆಂದು ತಾಯಿತಂದೆಗಳಲ್ಲಿ ನಮ್ಮ ಬಿನ್ನಹ. ವಿದ್ಯಾರ್ಥಿಗಳು ಅದನ್ನು ಬಿಡಿಸಿ ಹಾಸಿ, ಯಾವ ತುಂಡು ಯಾರ ಸೀರೆಯದೆಂದು ಅಜ್ಜಿಯನ್ನು ಕೇಳಲಿ. ಆಕೆಯಿಂದ ನಾಲ್ಕು ಹೊಲಿಗೆಗಳನ್ನು ಕಲಿಯಲಿ. ಹುಡುಗಿಯರಂತೆ ಹುಡುಗರೂ ಕಲಿಯಲಿ. ಕಲಿತ ಮೇಲೆ, ಕೌದಿಯ ಒಂದು ಮೂಲೆಯಲ್ಲಿ ಆಕೆಯ ಹೆಸರನ್ನು ಕನ್ನಡದ ಅಕ್ಷರಗಳಲ್ಲಿ ಹೊಲಿದಿಡಲಿ. ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವು ನಮಗೆ ತೋರದು.