ಡೋಲು, ಅಜಲು ಮತ್ತು ಕೊರಗ ಅನನ್ಯತೆ

ಸಮುದಾಯವೊಂದರ ಸಾಂಸ್ಕೃತಿಕ ಭಿನ್ನತೆಯನ್ನು ಅದರ ಸಹಜ ಗುಣವೆಂದೇ ವಿವರಿಸುವ ಕ್ರಮ ಜಾನಪದ ಅಧ್ಯಯನದಲ್ಲಿ ಬಹುಕಾಲ ನಡೆದುಬಂದಿದೆ. ಉಡುಗೆ, ಆಹಾರ, ವಾದ್ಯಗಳನ್ನು ಪಟ್ಟಿಮಾಡಿ ‘ಇದು ಇವರ ಸಂಸ್ಕೃತಿ’ ಎಂದಾಗ, ಆ ಭಿನ್ನತೆಯನ್ನು ವಿಧಿಸಿದವರು ಯಾರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಕೊರಗ ಸ್ತ್ರೀಯರ ಎಲೆಯುಡುಗೆ ಪ್ರಸ್ತಾಪಗೊಂಡಿದೆ. ಅದು ಹೀನತೆಯ ಗುರುತೆಂಬ ಮಾತು ಅಲ್ಲಿಯೇ ಇದ್ದರೂ ಅನಂತರದ ಓದಿನಲ್ಲಿ ಉಳಿದದ್ದು ಎಲೆಯೇ ಹೊರತು ಹೀನತೆಯನ್ನು ಹೇರಿದ ಕೈಯಲ್ಲ.

ತುಳುವಿನ ‘ಅಜಲು’ ಶಬ್ದ ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿದೆ. ನಲಿಕೆ, ಪಂಬದ ಮೊದಲಾದ ದೈವನರ್ತಕ ಸಮುದಾಯಗಳಲ್ಲಿ ಅದು ನಿರ್ದಿಷ್ಟ ವ್ಯಾಪ್ತಿಯೊಳಗಿನ ವಂಶಪಾರಂಪರ್ಯ ಹಕ್ಕನ್ನು ಸೂಚಿಸುತ್ತದೆ. ಕೊರಗರ ಪಾಲಿಗೆ ಅದೇ ಶಬ್ದ ತಿರಸ್ಕರಿಸಲಾಗದ ಬಿಟ್ಟಿ ಕರ್ತವ್ಯವಾಯಿತು: ಕರೆದಲ್ಲಿ ಡೋಲು ಬಡಿಯುವುದು, ಕಂಬಳಕ್ಕೆ ಮುನ್ನ ಕೋಣಗಳಂತೆ ಗದ್ದೆಯಲ್ಲಿ ಓಡುವುದು, ಅನ್ಯರ ಕೂದಲು-ಉಗುರು ಬೆರೆಸಿದ ಅನ್ನವನ್ನು ಉಣ್ಣುವುದು. ಕರ್ನಾಟಕ ಸರ್ಕಾರ 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯಿದೆಯನ್ನು ತಂದಾಗ ಈ ಕೃತ್ಯಗಳನ್ನೂ, ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದನ್ನೂ ಒಂದೇ ವ್ಯಾಖ್ಯೆಯೊಳಗೆ ಸೇರಿಸಿತು. ಆಚರಣೆಯನ್ನು ಕೂಲಿಯಿಂದ ಬೇರ್ಪಡಿಸದ ಈ ನೋಟ ಎಷ್ಟೋ ಜಾನಪದ ಗ್ರಂಥಗಳಿಗಿಂತ ಸ್ಪಷ್ಟವಾದುದು.

ಇದೇ ಸಮಾಜ ಕೊರಗ ತನಿಯನನ್ನು ಕೊರಗಜ್ಜನೆಂದು ಆರಾಧಿಸುತ್ತದೆ. ಜಾತಿಭೇದವಿಲ್ಲದೆ ಜನರು ಕಳೆದುಹೋದ ವಸ್ತುವಿಗಾಗಿ ಅಜ್ಜನಿಗೆ ಹರಕೆ ಹೊರುತ್ತಾರೆ. ಅಡಿಕೆ ಹಾಳೆಯ ಮುಟ್ಟಾಳೆ ದೈವದ ತಲೆಯ ಮೇಲೆ ಪೂಜ್ಯ. ಕೊರಗನ ತಲೆಯ ಮೇಲೆ ಅದು ಅಸ್ಪೃಶ್ಯತೆಯ ಚಿಹ್ನೆಯಾಗಿತ್ತು. ವಸ್ತು ಒಂದೇ ಆದರೂ ಧರಿಸಿದವನ ಸ್ಥಾನಕ್ಕೆ ತಕ್ಕಂತೆ ಅರ್ಥ ಬದಲಾಗಿದೆ. ದೈವತ್ವದ ಗೌರವ ಜೀವಂತ ಸಮುದಾಯದತ್ತ ಹರಿದುಬರಲಿಲ್ಲ.

ಡೋಲಿನ ಪ್ರಶ್ನೆ ಇನ್ನೂ ಜಟಿಲವಾದುದು. ಅದು ದಾಸ್ಯದ ದನಿಯೆಂದು ತ್ಯಜಿಸಿದವರು ಸಮುದಾಯದೊಳಗೇ ಇದ್ದಾರೆ. ಗಜಮೇಳದ ಡೋಲು-ಕೊಳಲುಗಳನ್ನು ತಮ್ಮ ಕಲೆಯೆಂದು ವೇದಿಕೆಗೆ ತಂದವರೂ ಇದ್ದಾರೆ. ಮೊದಲನೆಯವರನ್ನು ಪರಂಪರೆಯ ವಿರೋಧಿಗಳೆಂದು ಕಾಣುವುದು ಅವಸರದ ತೀರ್ಮಾನ. ಇಬ್ಬರೂ ವಾಸ್ತವವಾಗಿ ಕೇಳುತ್ತಿರುವುದು ಬಾರಿಸುವ ಅಥವಾ ಬಾರಿಸದಿರುವ ಅಧಿಕಾರವನ್ನು. ಡೋಲಿನ ಧ್ವನಿಮುದ್ರಣಗಳಿಗೆ ಬರೆಯುವ ವಿವರಗಳಲ್ಲಿ ಗತಿ ಮತ್ತು ಸಂದರ್ಭಗಳ ಜೊತೆಗೆ, ಯಾರ ಕರೆಗೆ, ಯಾವ ಸಂಭಾವನೆಗೆ ಬಾರಿಸಲಾಯಿತು ಎಂಬುದೂ ದಾಖಲಾಗಬೇಕಾಗಿದೆ.